ಗೊತ್ತಿಲ್ಲ ಎಂದು ಹೇಳುವುದನ್ನು ಕಲಿಸಿದ ಮಾಸ್ಟ್ರಿಕ್ಟ್ ಯೂನಿವರ್ಸಿಟಿ

ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಬಂದ ಮೇಲೆ ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ, ಅಲ್ಲಿ ಓದು ಹೇಗಿದೆ, ಅಷ್ಟು ದುಡ್ಡು ಹಾಕಿದ್ದು ಸಾರ್ಥಕವಾ, ಮಗಳನ್ನು ಕಳಿಸಬಹುದಾ ಅಂತ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ. ಈ ಯೂನಿವರ್ಸಿಟಿ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಆದರೆ ಇದು ಎಲ್ಲರಿಗೂ ಹೊಂದುವ ಜಾಗ ಅಲ್ಲ.

ಯುರೋಪಿನ ಯೂನಿವರ್ಸಿಟಿ ಅಂದರೆ ಏಳೆಂಟು ನೂರು ವರ್ಷ ಹಳೆಯದು ಅಂತಲೇ ನಾವು ಅಂದುಕೊಳ್ಳುತ್ತೇವೆ. ಇದು ಹುಟ್ಟಿದ್ದು 1976ರಲ್ಲಿ. ನಮ್ಮ ಮಂಗಳೂರು ಯೂನಿವರ್ಸಿಟಿಗಿಂತ ನಾಲ್ಕೇ ವರ್ಷ ದೊಡ್ಡದು. ಅದು ಇರುವ ಲಿಂಬರ್ಗ್ ಪ್ರಾಂತ್ಯದಲ್ಲಿ ಮೊದಲು ಕಲ್ಲಿದ್ದಲ ಗಣಿಗಳೇ ಬದುಕಾಗಿದ್ದವು. 1965ರಲ್ಲಿ ಸರ್ಕಾರ ಅವನ್ನೆಲ್ಲ ಮುಚ್ಚುವುದಾಗಿ ಹೇಳಿತು, 1974ರ ಕೊನೆಗೆ ಕಡೆಯ ಗಣಿಯೂ ನಿಂತಿತು. ಕೆಲಸ ಹೋದ ಊರುಗಳಿಗೆ ಏನಾದರೂ ಹೊಸದು ಬೇಕಿತ್ತು. ಷೆಂಗ್ ಟಾನ್ಸ್ ಎಂಬ ಅಲ್ಲಿಯ ರಾಜಕಾರಣಿ ಪಟ್ಟು ಹಿಡಿದು ದೇಶದ ಎಂಟನೇ ಮೆಡಿಕಲ್ ಕಾಲೇಜನ್ನು ಅಲ್ಲಿಗೆ ತಂದರು. ಕಾನೂನಿನ ಮುದ್ರೆ ಬೀಳುವ ಮುಂಚೆಯೇ, 1974ರಲ್ಲಿ, ಪಾಠ ಶುರು ಮಾಡಿದರು. ಎಂಟನೆಯವರಾಗಿ ಬಂದವರು ಹಿಂದಿನ ಏಳು ಕಾಲೇಜುಗಳ ಹಾಗೆಯೇ ಪಾಠ ಮಾಡಿದರೆ ಅಷ್ಟು ದೂರ ಯಾರು ಹೋಗುತ್ತಾರೆ? ಅದಕ್ಕೇ ಅವರು ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯಲ್ಲಿ ಆಗಷ್ಟೇ ಶುರುವಾಗಿದ್ದ ಒಂದು ಪದ್ಧತಿಯನ್ನು ತಂದರು. ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್. ಅಲ್ಲಿ ಎಲ್ಲರೂ ಪಿಬಿಎಲ್ ಅನ್ನುತ್ತಾರೆ. ಆಮೇಲೆ ಲಾ, ಎಕನಾಮಿಕ್ಸ್, ಸೈಕಾಲಜಿ, ಎಲ್ಲದಕ್ಕೂ ಅದೇ ಆಯಿತು.

ನಿಮಗೆ ನಿಜವಾಗಿ ಗೊತ್ತಿರಬೇಕಾದದ್ದು ಇದೇ ಪಿಬಿಎಲ್, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೆಕ್ಚರ್ ಇರುತ್ತದೆ, ಆದರೆ ಕಡಿಮೆ. ಓದಿನ ಜೀವಾಳ ಟ್ಯುಟೋರಿಯಲ್. ಹತ್ತರಿಂದ ಹದಿನೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಟ್ಯೂಟರ್ ಇರುತ್ತಾರೆ, ಪಾಠ ಮಾಡುವುದಿಲ್ಲ. ಆ ದಿನದ ಚರ್ಚೆ ನಡೆಸುವವರು ಒಬ್ಬ ವಿದ್ಯಾರ್ಥಿ, ಬೋರ್ಡಿನ ಮೇಲೆ ಬರೆಯುವವರು ಇನ್ನೊಬ್ಬರು. ಈ ಕೆಲಸಗಳು ಸರದಿಯಲ್ಲಿ ಎಲ್ಲರಿಗೂ ಬರುತ್ತವೆ. ಕೈಗೆ ಒಂದು ಕೇಸ್, ಅಂದರೆ ಬಿಡಿಸಬೇಕಾದ ಒಂದು ಸನ್ನಿವೇಶ ಕೊಡುತ್ತಾರೆ, ಅರ್ಧ ಪುಟ, ಕೆಲವೊಮ್ಮೆ ಒಂದು ಚಿತ್ರ ಅಷ್ಟೇ. ಅರ್ಥವಾಗದ ಪದಗಳನ್ನು ಬಿಡಿಸಿಕೊಳ್ಳುತ್ತೀರಿ, ಸಮಸ್ಯೆ ಏನು ಅಂತ ತೀರ್ಮಾನಿಸುತ್ತೀರಿ, ಗೊತ್ತಿರುವುದನ್ನೆಲ್ಲ ಮೇಜಿನ ಮೇಲೆ ಸುರಿದು ಜೋಡಿಸುತ್ತೀರಿ, ಗೊತ್ತಿಲ್ಲದ್ದನ್ನು ಪ್ರಶ್ನೆಗಳಾಗಿ ಬರೆದುಕೊಂಡು ಮನೆಗೆ ಹೋಗುತ್ತೀರಿ, ಓದುತ್ತೀರಿ, ಕೆಲವು ದಿನ ಬಿಟ್ಟು ಬಂದು ಉತ್ತರಗಳನ್ನು ಎದುರುಬದುರು ಇಟ್ಟು ನೋಡುತ್ತೀರಿ. ಒಟ್ಟು ಏಳು ಹೆಜ್ಜೆ. ಡಚ್ಚರು ಇದಕ್ಕೆ ಏಳು ಜಿಗಿತ ಅನ್ನುತ್ತಾರೆ, ಅದು ಅವರ ಒಂದು ಹಳೆಯ ಜನಪದ ಕುಣಿತದ ಹೆಸರೂ ಹೌದು.

ಕೇಳಲು ಸುಲಭ ಅಲ್ವಾ? ಮೊದಲ ಮೂರು ವಾರ ನನಗೆ ಬಾಯಿಯೇ ಬರಲಿಲ್ಲ. ಇಂಗ್ಲಿಷಿನ ತೊಂದರೆ ಅಲ್ಲ. ಪೂರ್ತಿ ಗೊತ್ತಿದ್ದರೆ ಮಾತ್ರ ಕೈ ಎತ್ತಬೇಕು ಅಂತ ಒಂದನೇ ಕ್ಲಾಸಿನಿಂದ ಕಲಿತು ಬಂದಿದ್ದೆ. ಅಲ್ಲಿ ಅದು ತಿರುಗುಮುರುಗು. ಅರ್ಧ ಗೊತ್ತಿರುವುದನ್ನು ಹೇಳಬೇಕು, ಗೊತ್ತಿಲ್ಲದ್ದನ್ನು ಇನ್ನೂ ಜೋರಾಗಿ ಹೇಳಬೇಕು, ಯಾಕೆಂದರೆ ಆ ವಾರದ ಓದು ಶುರುವಾಗುವುದೇ ಅಲ್ಲಿಂದ.

ಬಾಯಿ ಬಂದ ದಿನ ಚೆನ್ನಾಗಿ ನೆನಪಿದೆ. ಕೇಸ್ ಮಕ್ಕಳ ಭೇದಿ ಬಗ್ಗೆ ಇತ್ತು. ಒಂದು ಊರಿನಲ್ಲಿ ಓಆರ್‌ಎಸ್ ಪ್ಯಾಕೆಟ್ ಉಚಿತವಾಗಿ ಕೊಡುತ್ತಾರೆ, ಆದರೂ ತಾಯಂದಿರು ಬಳಸುವುದಿಲ್ಲ, ಯಾಕೆ? ಜರ್ಮನಿಯವಳೊಬ್ಬಳು ಪ್ಯಾಕೆಟ್ ಹಂಚುವ ವ್ಯವಸ್ಥೆ ಬಗ್ಗೆ ಹೇಳಿದಳು. ಕೊಲಂಬಿಯಾದ ಹುಡುಗ ನೀರು ಶುದ್ಧ ಇದೆಯಾ ಅಂತ ಕೇಳಿದ. ನನಗೆ ನಮ್ಮ ಉಡುಪಿ ಕಡೆಯ ಮನೆಗಳು ಕಣ್ಣ ಮುಂದೆ ಬಂದವು. ಅಲ್ಲಿ ಎರಡು ವರ್ಷ ಸಮುದಾಯ ಆರೋಗ್ಯದ ಕೆಲಸ ಮಾಡಿದ್ದೆ. ಮಗುವಿಗೆ ಭೇದಿ ಆದರೆ ಅಜ್ಜಿಯರು ಕುಚ್ಚಲಕ್ಕಿ ಗಂಜಿಯ ತಿಳಿಗೆ ಚಿಟಿಕೆ ಉಪ್ಪು ಹಾಕಿ ಕೊಡುತ್ತಾರೆ, ಪ್ಯಾಕೆಟ್ ಕಪಾಟಿನಲ್ಲೇ ಉಳಿಯುತ್ತದೆ ಅಂದೆ. ಟ್ಯೂಟರ್ ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದರು: ಆ ಗಂಜಿ ಕೆಲಸ ಮಾಡುತ್ತದಾ?

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ. ಬೋರ್ಡಿನ ಮೇಲೆ ಅದು ಮೂರನೇ ಪ್ರಶ್ನೆಯಾಗಿ ಬಿತ್ತು.

ಆ ವಾರ ಹನ್ನೆರಡೂ ಜನ ಗಂಜಿ ಬಗ್ಗೆ ಓದಿದರು! ಕರುಳಿನಲ್ಲಿ ಉಪ್ಪಿನ ಸೋಡಿಯಂ ಗ್ಲೂಕೋಸ್ ಜೊತೆಗೂಡಿ ಒಳಗೆ ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ, ಓಆರ್‌ಎಸ್ ಕೆಲಸ ಮಾಡುವುದು ಹೀಗೆ. ಅಕ್ಕಿಯ ಪಿಷ್ಟ ನಿಧಾನವಾಗಿ ಒಡೆದು ಅದೇ ಗ್ಲೂಕೋಸ್ ಕೊಡುತ್ತದೆ. ಕಾಲರಾ ರೋಗಿಗಳಲ್ಲಿ ಅಕ್ಕಿ ಹಿಟ್ಟಿನ ಓಆರ್‌ಎಸ್ ಮಾಮೂಲಿ ಓಆರ್‌ಎಸ್‌ಗಿಂತ ಚೆನ್ನಾಗಿ ಭೇದಿಯನ್ನು ತಗ್ಗಿಸಿದೆ ಅಂತ ಅಧ್ಯಯನಗಳೇ ಇವೆ. ಆದರೆ ಮನೆಯ ಗಂಜಿಯಲ್ಲಿ ಉಪ್ಪಿನ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ, ಪೊಟ್ಯಾಸಿಯಂ ಸಾಲುವುದಿಲ್ಲ, ಅಪಾಯ ಇರುವುದು ಅಲ್ಲಿ. ಇದನ್ನೆಲ್ಲ ಮುಂದಿನ ಟ್ಯುಟೋರಿಯಲ್‌ನಲ್ಲಿ ಮೊದಲು ಹೇಳಿದ್ದು ಆ ಜರ್ಮನ್ ಹುಡುಗಿ. ನಮ್ಮ ಅಜ್ಜಿಯರ ಅಡುಗೆಮನೆ ಬಗ್ಗೆ ಅವಳು ಅಷ್ಟು ಗೌರವದಿಂದ ಮಾತಾಡುವುದನ್ನು ಕೇಳಿ ನನಗೆ ಗಂಟಲು ಕಟ್ಟಿತು. ಇಂಟರ್‌ನ್ಯಾಷನಲ್ ಕ್ಲಾಸ್‌ರೂಮ್ ಅನ್ನುವ ಮಾತು ಅಲ್ಲಿಯ ಬ್ರೋಷರ್ ತುಂಬಾ ಇರುತ್ತದೆ. ನನ್ನ ಪಾಲಿಗೆ ಅದರ ಅರ್ಥ ಆ ಒಂದು ವಾರ.

ಅಲ್ಲಿ ಸುಮಾರು 22,000 ವಿದ್ಯಾರ್ಥಿಗಳಿದ್ದಾರೆ, ಅರ್ಧಕ್ಕಿಂತ ಜಾಸ್ತಿ ಜನ ಬೇರೆ ದೇಶದವರು. ಊರು ಇರುವುದೇ ಹಾಗೆ. ಬೆಲ್ಜಿಯಂ ಸೈಕಲ್ ದೂರ, ಜರ್ಮನಿಯ ಆಕೆನ್ ಸುಮಾರು 30 ಕಿಲೋಮೀಟರ್. ಯುರೋಪಿಯನ್ ಯೂನಿಯನ್ ಹುಟ್ಟಿದ ಒಪ್ಪಂದಕ್ಕೆ 1992ರಲ್ಲಿ ಸಹಿ ಬಿದ್ದದ್ದೂ ಇದೇ ಊರಿನಲ್ಲಿ.

ನಮ್ಮವರಿಗೆ ಇನ್ನೊಂದು ವಿಷಯ ಖುಷಿ ಕೊಡಬಹುದು. ನಾನು ಓದಿದ್ದು ಗ್ಲೋಬಲ್ ಹೆಲ್ತ್. ಮಾಸ್ಟ್ರಿಕ್ಟ್, ಮ್ಯಾಕ್‌ಮಾಸ್ಟರ್ ಮತ್ತೆ ಕೆಲವು ಯೂನಿವರ್ಸಿಟಿಗಳು ಕೂಡಿ ಈ ಕೋರ್ಸ್ ನಡೆಸುವ ಬಳಗದಲ್ಲಿ ನಮ್ಮ ಮಣಿಪಾಲವೂ ಇದೆ. ಈ ಕೋರ್ಸಿನ ವಿದ್ಯಾರ್ಥಿಗಳು ಸಿಂಪೋಸಿಯಂಗೆ ಮಣಿಪಾಲಕ್ಕೆ ಬಂದಿದ್ದಾರೆ. ಎಲ್ಲೋ ದೂರದ ಮಾತೇನೂ ಅಲ್ಲ ಇದು, ಬೇಕಿದ್ದರೆ ಮಣಿಪಾಲದಲ್ಲೇ ವಿಚಾರಿಸಿ.

ಇನ್ನು ಮೆಡಿಕಲ್ ಓದುವವರ ಪರೀಕ್ಷೆ. ಪ್ರೋಗ್ರೆಸ್ ಟೆಸ್ಟ್ ಅಂತ ಒಂದು ಇದೆ, 1970ರ ದಶಕದಲ್ಲಿ ಇಲ್ಲೇ ಬೆಳೆದದ್ದು. ಇತ್ತೀಚಿನವರೆಗೂ ಮೊದಲ ವರ್ಷದವರೂ ಆರನೇ ವರ್ಷದವರೂ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಿದ್ದರು, ವರ್ಷಕ್ಕೆ ನಾಲ್ಕು ಸಲ. ಇಡೀ ವೈದ್ಯಕೀಯದಿಂದ ಪ್ರಶ್ನೆ ಬರುವುದರಿಂದ ಹಿಂದಿನ ರಾತ್ರಿ ಕೂತು ಉರು ಹೊಡೆದರೆ ಏನೂ ಪ್ರಯೋಜನ ಇಲ್ಲ. ಬಹಳ ವರ್ಷ ಅದರಲ್ಲಿ ಪ್ರತಿ ಪ್ರಶ್ನೆಗೂ ‘ಗೊತ್ತಿಲ್ಲ’ ಅನ್ನುವ ಆಯ್ಕೆ ಇತ್ತು. ತಪ್ಪು ಉತ್ತರಕ್ಕೆ ಅಂಕ ಕಡಿಮೆಯಾಗುತ್ತಿತ್ತು, ಗೊತ್ತಿಲ್ಲ ಅಂದರೆ ಇಲ್ಲ. ಮುಂದೆ ರೋಗಿಯ ಪಕ್ಕ ನಿಲ್ಲುವವರಿಗೆ ಇದಕ್ಕಿಂತ ಒಳ್ಳೆ ಪಾಠ ಏನಿದೆ?

ಈಗ ಎಚ್ಚರಿಕೆಗಳು. ಪಿಬಿಎಲ್ ನಿಂತಿರುವುದು ಗುಂಪಿನ ಮೇಲೆ. ಹತ್ತರಲ್ಲಿ ನಾಲ್ಕು ಜನ ಓದದೆ ಬಂದರೆ ಆ ದಿನ ಹಾಳು, ಟ್ಯೂಟರ್ ಎಷ್ಟೇ ಒಳ್ಳೆಯವರಿರಲಿ. ಹಾಜರಾತಿ ಕಡ್ಡಾಯ. ಒಬ್ಬರೇ ಕೂತು ಆಳವಾಗಿ ಓದುವ ಸ್ವಭಾವದವರಿಗೆ, ಅಥವಾ ಒಬ್ಬ ದೊಡ್ಡ ಪ್ರೊಫೆಸರ್ ಎರಡು ಗಂಟೆ ಸೊಗಸಾಗಿ ಪಾಠ ಮಾಡುವುದನ್ನು ಕೇಳುವ ಆಸೆ ಇರುವವರಿಗೆ, ಬೇರೆ ಯೂನಿವರ್ಸಿಟಿ ಚೆನ್ನ. ಗಣಿತದಂಥ ವಿಷಯಕ್ಕೆ ಈ ಪದ್ಧತಿ ಎಷ್ಟು ಹೊಂದುತ್ತದೆ ಅಂತ ನನಗೆ ಅನುಮಾನವೇ. ಮತ್ತೆ, ಅಂಕ ಹತ್ತಕ್ಕೆ. 5.5 ಬಂದರೆ ಪಾಸ್, 8 ಅಂದರೆ ಬಹಳ ಒಳ್ಳೆಯದು, 10 ಅಪರೂಪ. 7 ಬಂತು ಅಂತ ಅಳುತ್ತಾ ಅಪ್ಪ ಅಮ್ಮನಿಗೆ ಫೋನ್ ಮಾಡಬೇಡಿ. ಅಪ್ಪ ಅಮ್ಮಂದಿರೇ, ನೀವೂ ಬೈಯಬೇಡಿ.

ಮನೆ ಸಿಗುವುದು ನಿಜವಾಗಿಯೂ ಕಷ್ಟ. ನನಗೆ ಒಬ್ಬ ಮಾಲೀಕ ಫೋಟೋ ತೋರಿಸಿ ಡೆಪಾಸಿಟ್ ತೆಗೆದುಕೊಂಡ, ಹೋಗಿ ನೋಡಿದರೆ ಆ ವಿಳಾಸದಲ್ಲಿ ಬಾಡಿಗೆ ಕೋಣೆಯೇ ಇರಲಿಲ್ಲ. ದುಡ್ಡು ಹೋಯಿತು, ಎರಡು ವಾರ ಹಾಸ್ಟೆಲ್‌ನಲ್ಲಿ ಕಳೆದೆ. ಕೋಣೆ ನೋಡದೆ, ಅಥವಾ ನಂಬಿಕೆಯವರಿಂದ ನೋಡಿಸದೆ ಒಂದು ಯೂರೋ ಕೂಡ ಕಳಿಸಬೇಡಿ. ಆ ವಿಳಾಸವನ್ನು ನಗರಸಭೆಯಲ್ಲಿ ನೋಂದಾಯಿಸಲು ಬಿಡುತ್ತಾರಾ ಅಂತ ಮೊದಲೇ ಕೇಳಿ. ನೋಂದಣಿ ಇಲ್ಲದೆ ಅಲ್ಲಿ ಸರ್ಕಾರಿ ಗುರುತಿನ ನಂಬರ್ ಸಿಗುವುದಿಲ್ಲ, ಅದಿಲ್ಲದೆ ಸಂಬಳದ ಕೆಲಸ ಕಷ್ಟ. ಓದುವಾಗ ನಮ್ಮಂಥವರಿಗೆ ವಾರಕ್ಕೆ 16 ಗಂಟೆ ಕೆಲಸ ಮಾಡಲು ಅವಕಾಶ ಇದೆ, ಅದಕ್ಕೆ ಕೆಲಸ ಕೊಡುವವರು ಪರ್ಮಿಟ್ ಮಾಡಿಸಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷ ಸಿಗುತ್ತದೆ. ಆದರೆ ಆರೋಗ್ಯ ಕ್ಷೇತ್ರದಲ್ಲಿ ಡಚ್ ಬರದೆ ಬಾಗಿಲು ತೆರೆಯುವುದು ಕಡಿಮೆ, ಮೊದಲ ತಿಂಗಳಿಂದಲೇ ಕಲಿಯಿರಿ. ಇಂಗ್ಲಿಷ್ ಕೋರ್ಸ್‌ಗಳನ್ನು ಕಡಿಮೆ ಮಾಡಬೇಕು ಅಂತ ಅಲ್ಲಿಯ ರಾಜಕೀಯದಲ್ಲಿ ಕೆಲವು ವರ್ಷಗಳಿಂದ ಚರ್ಚೆ ನಡೆದಿದೆ, ಅದರ ಮೇಲೂ ಕಣ್ಣಿಡಿ.

ಊರು ತುಂಬಾ ಚೆಂದ. ಮಾಸ್ ನದಿ, 13ನೇ ಶತಮಾನದ ಕಲ್ಲಿನ ಸೇತುವೆ, ಹಳೆಯ ಡೊಮಿನಿಕನ್ ಚರ್ಚಿನೊಳಗೆ ಒಂದು ಪುಸ್ತಕದಂಗಡಿ. ಯೂನಿವರ್ಸಿಟಿಯ ಹಲವು ವಿಭಾಗಗಳು ಹಳೆಯ ಮಠಗಳ ಕಟ್ಟಡದಲ್ಲೇ ಇವೆ. ನಮ್ಮದು ಊರಾಚೆ ರಾಂಡ್‌ವಿಕ್‌ನಲ್ಲಿ, ಆಸ್ಪತ್ರೆ ಪಕ್ಕ, ಕಾಂಕ್ರೀಟು ಜಾಸ್ತಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಕಳೆದ ಅರ್ಧ ಮನೆ ಹುಡುಕಾಟಕ್ಕೆ.

ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ನಾಲ್ಕು ಜನ ಗೆಳೆಯರನ್ನು ಕರೆಯಿರಿ. ಪೇಪರಿನಲ್ಲಿ ಬಂದ, ನಿಮಗೆ ಪೂರ್ತಿ ಅರ್ಥವಾಗದ ಒಂದು ಸುದ್ದಿ ತೆಗೆದುಕೊಳ್ಳಿ. ಮೊಬೈಲ್ ದೂರ ಇಟ್ಟು ಒಂದು ಗಂಟೆ ಮಾತಾಡಿ, ಗೊತ್ತಿಲ್ಲದ್ದನ್ನು ಪ್ರಶ್ನೆಗಳಾಗಿ ಬರೆಯಿರಿ, ಎರಡು ದಿನ ಓದಿ, ಮತ್ತೆ ಸೇರಿ. ಎರಡನೇ ಸಲ ಸೇರಲು ನಿಮಗೆ ತವಕ ಆಯಿತಾ, ಅಥವಾ ಸುಮ್ನೆ ಹೋಗಬೇಕಲ್ಲ ಅನ್ನಿಸಿತಾ? ತವಕ ಆಗಿದ್ದರೆ ಅರ್ಜಿ ಹಾಕಿ.