ಬಿರುಕು ಬಿಟ್ಟ ಕ್ಲಾರಿನೆಟ್‌ನಿಂದ ಮನೆಯಲ್ಲೇ ಮಾಡಿದ ವಿಂಡ್ ಕಂಟ್ರೋಲರ್: ದೀರ್ಘ ಬಳಕೆಯ ನಂತರ

ಉಸಿರಿಗೆ ಪೂರ್ತಿ ಅಂಕ, ಮೀಂಡಿಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ, ಅರ್ಧ. ವಿಂಡ್ ಕಂಟ್ರೋಲರ್ ಎಂದರೆ ಉಸಿರು, ಬೆರಳುಗಳ ಸಂಕೇತ ಹಿಡಿದು ಎಲೆಕ್ಟ್ರಾನಿಕ್ ದನಿ ಹೊರಡಿಸುವ ಊದುವಾದ್ಯ. ಧಾರವಾಡದ ನಮ್ಮ ಭಜನಾ ಮೇಳದಲ್ಲಿ ಇದನ್ನು ಬೇಸಿಗೆ, ಮಳೆಗಾಲ, ಶ್ರಾವಣದ ಸೋಮವಾರಗಳಲ್ಲೆಲ್ಲ ನುಡಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಅಂಗಡಿಯದ್ದನ್ನೇ ಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅಕಾಯ್, ಯಮಹಾ ಕಂಪನಿಗಳ ವಿಂಡ್ ಕಂಟ್ರೋಲರ್‌ಗಳು 1987ರಿಂದಲೇ ಇವೆ, ಒಳ್ಳೆಯವೇ. ಆದರೆ ಅವುಗಳ ಬೆರಳಿನ ಲೆಕ್ಕ ಹೆಚ್ಚಾಗಿ ಸ್ಯಾಕ್ಸೋಫೋನ್‌ನದು; ಸಪ್ತಕ ಬದಲಾದರೂ ಬೆರಳು ಅವೇ. ಕ್ಲಾರಿನೆಟ್ ಹಾಗಲ್ಲ. ಹೆಬ್ಬೆರಳಿನ ರಿಜಿಸ್ಟರ್ ಕೀಲಿ ಒತ್ತಿದರೆ ಸ್ವರ ಏರುವುದು 12 ಅಲ್ಲ, 19 ಅರ್ಧಸ್ವರ. ಷಡ್ಜ ಹಿಡಿದ ಬೆರಳಿಗೇ ಮೇಲಿನ ಸಪ್ತಕದ ಪಂಚಮ ಬರುತ್ತದೆ. ಆ ಲೆಕ್ಕಕ್ಕೆ ಪಳಗಿದ ಕೈಗೆ ಬೇರೆ ಪಾಠ ಕಲಿಸುವ ಮನಸ್ಸು ನನಗಿರಲಿಲ್ಲ. ಸ್ವಂತ ಪ್ರೋಗ್ರಾಂನಲ್ಲಿ 19 ಎಂದು ಬರೆದರಾಯಿತು, ಕೈ ತನ್ನ ಹಳೆಯ ದಾರಿಯಲ್ಲೇ ನಡೆಯುತ್ತದೆ.

ಒಡಲು ಬ್ಯಾಂಡ್ ಕಂಪನಿಯೊಂದರ ಮೂಲೆ ಸೇರಿದ್ದ ಕರಿಮರದ ಕ್ಲಾರಿನೆಟ್. ಒಳಗೆ ಪ್ರೋಗ್ರಾಂ ನಡೆಸುವ ಪುಟ್ಟ ಟೀನ್ಸಿ ಬೋರ್ಡ್, ಉಸಿರಿಗೆ ಎಂಪಿಎಕ್ಸ್‌ವಿ 5010 ಒತ್ತಡ ಸೆನ್ಸರ್, ಬೆರಳಿಗೆ ಎಂಪಿಆರ್ 121 ಸ್ಪರ್ಶ ಬೋರ್ಡ್ ಎರಡು. ಒಂದರಲ್ಲಿ 12 ಸ್ಪರ್ಶ ಮಾತ್ರ ಇರುವುದರಿಂದ ಕಿರುಬೆರಳಿನ ಕೀಲಿಗಳೆಲ್ಲ ಸೇರಿದರೆ ಸಾಲುವುದಿಲ್ಲ. ಕೀಲಿಗಳಿಗೇ ನೇರವಾಗಿ ತಂತಿ ಬೆಸೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ: ಕೆಳಭಾಗದಲ್ಲಿ ರಂಧ್ರಗಳ ಸುತ್ತ ಇರುವ ಮೂರು ಉಂಗುರಗಳೂ ಒಂದೇ ಲೋಹದ ಕೊಳವೆಗೆ ಕೂಡಿಕೊಂಡಿವೆ, ಯಾವ ಬೆರಳು ಮುಟ್ಟಿದರೂ ಸೆನ್ಸರ್‌ಗೆ ಒಂದೇ. ಉಂಗುರ ತೆಗೆದು ರಂಧ್ರಗಳಲ್ಲಿ ಹಿತ್ತಾಳೆ ಬಿಲ್ಲೆ ಕೂರಿಸುವುದೇ ಸರಿ.

ಇಡೀ ವಾದ್ಯದಲ್ಲಿ ನನಗೆ ಅತಿ ಪ್ರಿಯವಾದದ್ದು ಊದುವ ಭಾಗ. ಮೌತ್‌ಪೀಸ್ ಮೂಲದ್ದೇ, ಊದಿದಾಗ ನಡುಗಿ ಸದ್ದು ಮಾಡುವ ರೀಡಿನ ಜಾಗದಲ್ಲಿ ನಡುಗದ ಪ್ಲಾಸ್ಟಿಕ್ ತುಂಡು. ಗಾಳಿ ಹೊರಹೋಗಲು ಸಣ್ಣ ತೂತು ಬೇಕೇಬೇಕು. ಇಲ್ಲದಿದ್ದರೆ ಉಸಿರು ಒಳಗೇ ಕಟ್ಟಿ ಕೆನ್ನೆ ನೋಯುತ್ತದೆ. ಆ ತೂತಿನ ಅಳತೆಯ ಮೇಲೆಯೇ ಊದುವ ಬಿಗುವು ನಿಂತಿದೆ. ಸೆನ್ಸರನ್ನು ಗಾಳಿಯ ನೇರ ದಾರಿಯಲ್ಲಿಡದೆ ಕವಲು ನಳಿಕೆಯ ಮೇಲ್ತುದಿಗೆ ಸಿಕ್ಕಿಸಿದ್ದರಿಂದ ಎಂಜಲು ಅದರೊಳಗೆ ಇಳಿದಿಲ್ಲ. ಒಂದು ಎಚ್ಚರಿಕೆ: ಈ ಸೆನ್ಸರ್ 4.7 ವೋಲ್ಟ್‌ವರೆಗೂ ಕೊಡುತ್ತದೆ, ಟೀನ್ಸಿ 4ರ ಪಿನ್ ತಾಳುವುದು 3.3 ಮಾತ್ರ. ನಡುವೆ ಎರಡು ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಿ. ಮೆಲ್ಲಗೆ ಊದಿದರೆ ಪಿಸುಮಾತಿನಷ್ಟು, ಒತ್ತಿ ಊದಿದರೆ ಗುಡಿಯ ತುಂಬ. ನಿಜವಾದ ಕ್ಲಾರಿನೆಟ್‌ನಲ್ಲೂ ಇಷ್ಟು ಸಣ್ಣ ದನಿಯನ್ನು ಇಷ್ಟು ಸ್ಥಿರವಾಗಿ ಹಿಡಿಯಲು ನನಗೆ ಆಗುವುದಿಲ್ಲ.

ಮೇಳಕ್ಕೆ ಇದರಿಂದ ಆದ ದೊಡ್ಡ ಉಪಕಾರ ಶ್ರುತಿಯದು. ಅಕ್ಕನವರು ಹಾಡುವ ಪಟ್ಟಿ (ಷಡ್ಜದ ಎತ್ತರ) ಬೇರೆ, ಹಿರಿಯರದು ಬೇರೆ. ಮೊದಲು ಪ್ರತಿ ಹಾಡಿಗೂ ಬೆರಳು ಲೆಕ್ಕ ಹಾಕುತ್ತಿದ್ದವು, ಈಗ ಒಂದು ಗುಂಡಿ. "ಕರಿ ಎರಡಕ್ಕ ಹಚ್ಚಿಕೊಳ್ರೀ" (ಎರಡನೆಯ ಕರಿ ಕೀಲಿಯೇ ಷಡ್ಜ) ಎಂದು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಕಾಕಾ ಹೇಳಿ ಮುಗಿಸುವುದರೊಳಗೆ ನಾನು ತಯಾರು.

ಮೀಂಡಿನಲ್ಲಿ ಮಾತ್ರ ಇದು ಸೋಲುತ್ತದೆ. ಭೀಮಪಲಾಸದ ಕೋಮಲ ಗಾಂಧಾರ ಮಧ್ಯಮವನ್ನು ಸವರಿಕೊಂಡೇ ಇಳಿಯಬೇಕು. ಕ್ಲಾರಿನೆಟ್‌ನಲ್ಲಿ ಬೆರಳನ್ನು ರಂಧ್ರದ ಮೇಲೆ ನಿಧಾನ ಸರಿಸಿ, ತುಟಿ ಸಡಿಲಿಸಿ ಅದನ್ನು ತರುತ್ತೇವೆ. ನನ್ನ ವಾದ್ಯ ಮುಟ್ಟಿದೆಯೋ ಇಲ್ಲವೋ ಎಂಬುದನ್ನಷ್ಟೇ ಬಲ್ಲದು. ಬಲ ಹೆಬ್ಬೆರಳಿಗೆ ಸ್ವರ ಏರಿಳಿಸುವ ಪಿಚ್ ಬೆಂಡ್ ಪಟ್ಟಿ ಕೂರಿಸಿದ್ದೇನೆ. ಸ್ವರ ಜಾರುತ್ತದೆ, ಆದರೆ ಎಲ್ಲಿ ತಡೆಯಬೇಕು ಎಂಬುದು ತುಟಿಗೆ ತಿಳಿದಷ್ಟು ಹೆಬ್ಬೆರಳಿಗೆ ತಿಳಿಯದು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳಿ ಬೆಳೆದ ಈ ಊರಿನಲ್ಲಿ ಕೇಳುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆಲಾಪಕ್ಕೆ ಕೂರುವಾಗ ಈಗಲೂ ನಾನು ಮರದ ಕ್ಲಾರಿನೆಟ್ಟನ್ನೇ ಕೈಗೆತ್ತಿಕೊಳ್ಳುತ್ತೇನೆ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೇವದ ಬೆರಳಿಂದ ಮುಟ್ಟದ ಸ್ವರವೂ ಆಗಾಗ ಚಿಮ್ಮುತ್ತದೆ. ಒಣ ಹತ್ತಿಬಟ್ಟೆ ಹತ್ತಿರವಿರಲಿ. ವಿದ್ಯುತ್ತಿಗೆ ಪವರ್ ಬ್ಯಾಂಕ್ ನಂಬಬೇಡಿ: ವಾದ್ಯ ಎಳೆಯುವ ಕರೆಂಟ್ ತೀರ ಕಡಿಮೆ, ಎಷ್ಟೋ ಪವರ್ ಬ್ಯಾಂಕ್‌ಗಳು ಏನೂ ಜೋಡಿಸಿಲ್ಲವೆಂದು ತಿಳಿದು ತಾವೇ ಆರುತ್ತವೆ. ಒಟಿಜಿ ಕೇಬಲ್‌ನಲ್ಲಿ ಮೊಬೈಲ್‌ಗೆ ಜೋಡಿಸಿದರೆ ವಿದ್ಯುತ್ತೂ ಅಲ್ಲಿಂದಲೇ, ದನಿಯೂ ಅಲ್ಲಿಂದಲೇ. ಅಲ್ಲಿಂದ ಆಂಪ್ಲಿಫೈಯರ್‌ಗೆ ತಂತಿಯನ್ನೇ ಎಳೆಯಿರಿ. ಬ್ಲೂಟೂತ್ ಸ್ಪೀಕರ್‌ನಲ್ಲಿ ಸ್ವರ ತಡವಾಗಿ ಬಂದು ತಬಲಾದ ಸಮ್ (ತಾಳದ ಮೊದಲ ಪೆಟ್ಟು) ತಪ್ಪುತ್ತದೆ.