ಜೇಬಿನಲ್ಲಿ ತಾನಾಗಿಯೇ ತೆರೆದುಕೊಂಡ ಚಾಕು: ಪುಟ್ಟ ಆಟೊಮ್ಯಾಟಿಕ್ ಕೊಳ್ಳುವ ಮುಂಚೆ ಇದನ್ನು ಓದಿ

ಬಟನ್ ಒತ್ತಿದರೆ ಟಕ್ ಅಂತ ತೆರೆದುಕೊಳ್ಳುವ ಪುಟ್ಟ ಚಾಕು ಕೊಳ್ಳುವ ಯೋಚನೆ ಇದೆಯಾ? ಹಾಗಿದ್ದರೆ ದಯವಿಟ್ಟು ಐದು ನಿಮಿಷ ಕೊಡಿ. ನನ್ನ ಬಲಗೈ ತೋರುಬೆರಳಿಗೆ ಏಳು ಹೊಲಿಗೆ ಬಿದ್ದಿದೆ. ಚಾಕುವಿನಿಂದ ಏನನ್ನೋ ಕತ್ತರಿಸುವಾಗ ಅಲ್ಲ. ಅದನ್ನು ಮಡಚಿ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದಾಗ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ದಿನಕ್ಕೆ ಒಂದಲ್ಲ ಒಂದು ಸಲ ಚಾಕು ಬೇಕೇ ಬೇಕು. ಬಾಗಿಲಿಗೆ ಬಂದ ರಟ್ಟಿನ ಡಬ್ಬ, ಇಂಡಿಯನ್ ಸ್ಟೋರ್‌ನಿಂದ ತಂದ ಸೋನಾ ಮಸೂರಿ ಚೀಲದ ಹೊಲಿಗೆ, ಮಾವಿನ ಹಣ್ಣಿನ ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿ, ಹಿತ್ತಲಲ್ಲಿ ಹೀರೆ ಬಳ್ಳಿಗೆ ಕಟ್ಟಿದ ದಾರ, ಹೀಗೆ. ಒಂದು ಕೈಯಲ್ಲಿ ಮಗಳೋ ಚೀಲವೋ ಇರುತ್ತೆ, ಇನ್ನೊಂದೇ ಕೈಯಲ್ಲಿ ಚಾಕು ತೆರೆಯಬೇಕು. ಅದಕ್ಕೇ ಆಟೊಮ್ಯಾಟಿಕ್ ಬೇಕು ಅನ್ನಿಸಿದ್ದು, ಶೋಕಿಗಲ್ಲ. ಆ ಆಸೆ ತಪ್ಪು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ತಪ್ಪಾಗಿದ್ದು ಆರಿಸುವುದರಲ್ಲಿ.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಸ್ವಿಚ್‌ಬ್ಲೇಡ್‌ನ, ಅಂದರೆ ಇಂಥ ಬಟನ್ ಚಾಕುವಿನ, ಅಲಗು 2 ಇಂಚು ಮುಟ್ಟಿದರೆ ಅದನ್ನು ಮೈಮೇಲೆ ಇಟ್ಟುಕೊಂಡು ಓಡಾಡುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಕಾರಿನೊಳಗೂ ಇಡುವ ಹಾಗಿಲ್ಲ. ಮಾರುವುದೂ ಕೊಡುವುದೂ ಅಪರಾಧವೇ. ಹಾಗಾಗಿ ಇಲ್ಲಿಗೆ ಅಂತಲೇ 1.9 ಇಂಚಿನ ಆಸುಪಾಸಿನ ಮರಿ ಚಾಕುಗಳು ಬರುತ್ತವೆ. ಇದೇ ರಾಜ್ಯದ ಸಾಂತಾ ಫೆ ಸ್ಪ್ರಿಂಗ್ಸ್‌ನಲ್ಲಿರುವ ಪ್ರೊಟೆಕ್ ಕಂಪನಿಯ ರಂಟ್ ಅನ್ನೋ ಮಾಡೆಲ್‌ನ ಅಲಗು 1.94 ಇಂಚು. ಈ ತರದ ಒಳ್ಳೆ ಚಾಕುಗಳ ಬೆಲೆ ನೂರು ಡಾಲರ್ ದಾಟುತ್ತೆ. ಡಬ್ಬ ಕುಯ್ಯಲು ಅಷ್ಟು ದುಡ್ಡು ಯಾಕೆ ಅಂತ ನಾನು ಆನ್‌ಲೈನ್‌ನಲ್ಲಿ ಹುಡುಕಿದೆ. ಒಂದು ದೊಡ್ಡ ಮಾರಾಟ ತಾಣದಲ್ಲಿ, ಹೆಸರೇ ಕೇಳಿರದ ಒಬ್ಬ ಮಾರಾಟಗಾರನ ಹತ್ತಿರ, ನೋಡಲು ಅಂಥದ್ದೇ ಕಾಣುವ ಚಾಕು 27 ಡಾಲರ್‌ಗೆ ಸಿಕ್ಕಿತು. 'ಅಲಗು 1.9 ಇಂಚು, ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧ' ಅಂತ ಬರೆದಿತ್ತು. ನಾಲ್ಕೂವರೆ ನಕ್ಷತ್ರ ಬೇರೆ. ಅವತ್ತೇ ಆರ್ಡರ್ ಮಾಡಿದೆ.

ಮೊದಲ ಎರಡು ವಾರ ಚೆನ್ನಾಗಿಯೇ ಇತ್ತು. ಮೂರನೇ ವಾರ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಬ್ಯಾಗಿಗೆ ಕೈ ಹಾಕಿದಾಗ ಚಾಕು ಕಾಲು ಭಾಗ ತೆರೆದುಕೊಂಡು ಬಿದ್ದಿತ್ತು. ಪುಸ್ತಕಕ್ಕೋ ಚಾರ್ಜರ್‌ಗೋ ಬಟನ್ ತಾಗಿರಬೇಕು ಅಂದುಕೊಂಡು ಮುಚ್ಚಿ ಮತ್ತೆ ಜೇಬಿಗೆ ಹಾಕಿಕೊಂಡೆ. ಇನ್ನೊಂದು ಸಲ ಅಕ್ಕಿ ಚೀಲ ಬಿಚ್ಚುವಾಗ, ಅಲಗು ಪೂರ್ತಿ ತೆರೆದು ನಿಂತಿದ್ದರೂ, ಸ್ವಲ್ಪ ಒತ್ತಡ ಬಿದ್ದ ಕೂಡಲೇ ಬೆರಳಿನ ಕಡೆಗೆ ಮಡಚಿಕೊಳ್ಳಲು ಹೊರಟಿತ್ತು. ಆವತ್ತೇ ಅದನ್ನು ಎತ್ತಿಡಬೇಕಿತ್ತು. ಎರಡು ಸಲ ಚಾಕುವೇ ಹೇಳಿತ್ತು, ನಾನು ಕೇಳಲಿಲ್ಲ.

ಆಮೇಲೆ ಆ ಮಂಗಳವಾರ. ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಪಕ್ಕದ ಪಾರ್ಕಿಗೆ ಹೋಗಿದ್ದೆವು. ಅವಳ ಶೂ ಲೇಸ್ ಬಿಚ್ಚಿಹೋಗಿತ್ತು. ಕಟ್ಟೋಣ ಅಂತ ಕುಕ್ಕರಗಾಲಲ್ಲಿ ಕೂತೆ. ಜೀನ್ಸ್ ತೊಡೆಗೆ ಬಿಗಿಯಾಯಿತು. ಬಲಗಡೆ ಜೇಬಿನಲ್ಲಿ ಚಾಕು, ಅದರ ಜೊತೆಗೇ ಕಾರಿನ ಕೀ. ಕೀ ಹೋಗಿ ಬಟನ್ ಒತ್ತಿತು. ನನಗೆ ಟಕ್ ಅನ್ನೋ ಸದ್ದೂ ಕೇಳಲಿಲ್ಲ. ಯಾಕಂದ್ರೆ ಅಲಗು ಪೂರ್ತಿ ತೆರೆದುಕೊಂಡೇ ಇರಲಿಲ್ಲ. ಜೇಬಿನ ಬಟ್ಟೆ ಅದನ್ನು ಅರ್ಧದಲ್ಲೇ ತಡೆದು ಹಿಡಿದಿತ್ತು. ಲೇಸ್ ಕಟ್ಟಿ ಎದ್ದು ನಿಂತೆ. ಬಟ್ಟೆ ಸಡಿಲವಾಯಿತು. ಮನೆಗೆ ಹೋಗೋಣ ಅಂತ ಕೀ ತೆಗೆಯಲು ಜೇಬಿಗೆ ಕೈ ಹಾಕಿದೆ. ಆಗ ಉಳಿದರ್ಧವೂ ಬಿಚ್ಚಿಕೊಂಡಿತು, ನನ್ನ ಬೆರಳಿನ ಮೇಲೆ.

ನೋವು ತಕ್ಷಣ ಗೊತ್ತಾಗಲಿಲ್ಲ. ಬೆರಳಿಗೆ ತಣ್ಣಗೆ ಏನೋ ತಾಗಿದ ಹಾಗಾಯಿತು, ಅಷ್ಟೇ. ಕೈ ಹೊರಗೆ ತೆಗೆದರೆ ತುದಿಯಿಂದ ಎರಡನೇ ಗೆಣ್ಣಿನವರೆಗೆ ಪಕ್ಕದಲ್ಲಿ ಸೀಳಿತ್ತು. ಚರ್ಮ ಬಾಯಿ ಬಿಟ್ಟುಕೊಂಡಿತ್ತು, ಒಂದು ಕ್ಷಣ ಒಳಗೆ ಬೆಳ್ಳಗೆ ಕಂಡಿತು, ಆಮೇಲೆ ರಕ್ತ ತುಂಬಿಕೊಂಡಿತು. ಮಗಳು ಎದುರಿಗೇ ನಿಂತಿದ್ದಳು. ಅವಳ ಸ್ವೆಟರನ್ನೇ ಬೆರಳಿಗೆ ಸುತ್ತಿ, ಕೈ ಮೇಲೆತ್ತಿ ಹಿಡಿದು, ಎಡಗೈಯಲ್ಲಿ ಹೆಂಡತಿಗೆ ಫೋನ್ ಮಾಡಿದೆ. ಅರ್ಜೆಂಟ್ ಕೇರ್‌ನಲ್ಲಿ ಏಳು ಹೊಲಿಗೆ, ಟೆಟನಸ್ ಇಂಜೆಕ್ಷನ್. ಇನ್ಶೂರೆನ್ಸ್ ಕಳೆದು ಕೈಯಿಂದ ಹೋಗಿದ್ದು 380 ಡಾಲರ್. ಸ್ನಾಯುರಜ್ಜು ಉಳಿದಿದೆ, ಸಣ್ಣ ನರಕ್ಕೆ ಪೆಟ್ಟಾಗಿದೆ ಅಂದರು ಡಾಕ್ಟರ್.

ಗಾಯ ಸ್ವಲ್ಪ ಮಾಗಿದ ಮೇಲೆ ಚಾಕುವನ್ನು ಬಿಚ್ಚಿ ನೋಡಿದೆ. ಏನಾಯಿತು ಅಂತ ನನಗೆ ಗೊತ್ತಾಗಲೇಬೇಕಿತ್ತು. ಪಕ್ಕದಿಂದ ತೆರೆದುಕೊಳ್ಳುವ ಆಟೊಮ್ಯಾಟಿಕ್ ಚಾಕುವಿನಲ್ಲಿ ಒಂದು ಸುರುಳಿ ಸ್ಪ್ರಿಂಗ್ ಅಲಗನ್ನು ಯಾವಾಗಲೂ ಹೊರಗೆ ದೂಡುತ್ತಿರುತ್ತೆ. ಮುಚ್ಚಿಟ್ಟಾಗಲೂ, ಹಗಲೂ ರಾತ್ರಿ. ಬಟನ್‌ಗೆ ಸೇರಿದ ಸಣ್ಣ ಉಕ್ಕಿನ ಗೂಟ ಅಲಗಿನ ಬುಡದಲ್ಲಿ ಕೊರೆದ ಕಚ್ಚಿನಲ್ಲಿ ಕೂತಿರುತ್ತೆ. ಅಲಗನ್ನು ತಡೆದಿಟ್ಟಿರುವುದು ಅದೊಂದೇ. ತೆರೆದ ಮೇಲೆ ಮಡಚಿಕೊಳ್ಳದ ಹಾಗೆ ಹಿಡಿಯುವುದೂ ಅದೇ ಗೂಟವೇ. ನನ್ನ ಚಾಕುವಿನಲ್ಲಿ ಕಚ್ಚಿನ ಅಂಚು ಚೂಪಾಗಿ ಇರಬೇಕಾದ ಕಡೆ ಸವೆದು ದುಂಡಗಾಗಿತ್ತು, ಒಂದೂವರೆ ತಿಂಗಳಿಗೇ. ಗೂಟದ ಸುತ್ತ ಜೇಬಿನ ನೂಲಿನ ಧೂಳು ಉಂಡೆ ಕಟ್ಟಿ, ಅದು ಪೂರ್ತಿ ಮೇಲೆ ಬಂದು ಕೂರದ ಹಾಗೆ ಮಾಡಿತ್ತು. ಬಟನ್ ಹಿಡಿಯ ಮಟ್ಟಕ್ಕಿಂತ ಒಂದು ಮಿಲಿಮೀಟರ್ ಮೇಲೆದ್ದಿತ್ತು. ಬಟನ್ ತಾನಾಗಿ ಒತ್ತಿಕೊಳ್ಳದ ಹಾಗೆ ತಡೆಯುವ ಸೇಫ್ಟಿ ಅನ್ನೋದು ಇರಲೇ ಇಲ್ಲ.

ಹಾಗೇ ಸ್ಕೇಲ್ ಹಿಡಿದು ಅಲಗನ್ನೂ ಅಳೆದೆ. ಮೊನೆಯಿಂದ ಹಿಡಿಯವರೆಗೆ 53 ಮಿಲಿಮೀಟರ್. 2 ಇಂಚು ಅಂದರೆ 50.8. ಅಂದರೆ 'ಕಾನೂನುಬದ್ಧ' ಅಂತ ಬರೆದು ನನಗೆ ಮಾರಿದ್ದು ಕಾನೂನು ಮೀರಿದ ಚಾಕು! ಆರು ವಾರ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಆಫೀಸು, ಅಂಗಡಿ, ದೇವಸ್ಥಾನ ಎಲ್ಲಾ ಸುತ್ತಿದ್ದೇನೆ.

ಅದಕ್ಕಿಂತ ಜಾಸ್ತಿ ಹೆದರಿಕೆ ಆಗಿದ್ದು ಇನ್ನೊಂದು ವಿಷಯ ಓದಿದಾಗ. ಕ್ಯಾಲಿಫೋರ್ನಿಯಾದ ದಂಡಸಂಹಿತೆಯ 626.10ನೇ ಕಲಮು ಸ್ಕೂಲ್ ಆವರಣದ್ದು. ಹನ್ನೆರಡನೇ ತರಗತಿವರೆಗಿನ ಸ್ಕೂಲುಗಳಿಗೆ ಎರಡೂವರೆ ಇಂಚಿಗಿಂತ ಉದ್ದದ ಅಲಗಿನ ಚಾಕು ತರಬಾರದು ಅಂತ ಅದರಲ್ಲಿದೆ, ಅದು ಎಷ್ಟೋ ಜನಕ್ಕೆ ಗೊತ್ತು. ಆದರೆ ತೆರೆದಾಗ ಲಾಕ್ ಆಗುವ ಮಡಚುವ ಚಾಕುವನ್ನೂ ತರಬಾರದು ಅಂತ ಅಲ್ಲೇ ಇದೆ. ಅದಕ್ಕೆ ಅಳತೆಯ ಮಾತೇ ಇಲ್ಲ. ಬಟನ್ ಚಾಕು ಲಾಕ್ ಆಗುತ್ತೆ, ಅಲ್ವಾ? ಅಂದರೆ ಅಪ್ಪಟ 1.9 ಇಂಚಿನದ್ದೇ ಆಗಿದ್ದರೂ ಮಗಳನ್ನು ಕರೆಯಲು ಗೇಟಿನ ಒಳಗೆ ಹೋದ ದಿನವೆಲ್ಲಾ ನಾನು ತಪ್ಪು ಮಾಡುತ್ತಿದ್ದೆ. ಆ ಮಂಗಳವಾರವೂ ಚಾಕು ತೆರೆದುಕೊಳ್ಳುವ ಇಪ್ಪತ್ತು ನಿಮಿಷ ಮುಂಚೆ ನಾನು ಸ್ಕೂಲ್ ಅಂಗಳದಲ್ಲಿ ಮಕ್ಕಳ ಮಧ್ಯೆ ನಿಂತಿದ್ದೆ. ಪಕ್ಕದ ಮಗು ಓಡಿ ಬಂದು ನನ್ನ ಕಾಲಿಗೆ ಗುದ್ದಿದ್ದರೆ ಅಂತ ಯೋಚನೆ ಬಂದಾಗ ಈಗಲೂ ನಿದ್ದೆ ಹಾರಿಹೋಗುತ್ತೆ.

ನಮ್ಮಲ್ಲಿ ತುಂಬಾ ಜನ ವೀಸಾ ಮೇಲೆ ಇದ್ದೀವಿ. ವೀಸಾ ಅರ್ಜಿಯಲ್ಲಿ ಯಾವತ್ತಾದರೂ ಬಂಧನ ಆಗಿದೆಯಾ ಅಂತ ನೇರವಾಗಿ ಕೇಳುತ್ತಾರೆ. 27 ಡಾಲರ್‌ನ ಸಾಮಾನಿಗೆ ಅಲ್ಲಿ 'ಹೌದು' ಅಂತ ಬರೆಯುವ ಪರಿಸ್ಥಿತಿ ಯಾರಿಗೂ ಬೇಡ. ಡಲ್ಲಾಸ್‌ನಲ್ಲಿರುವ ನನ್ನ ಗೆಳೆಯ 3 ಇಂಚಿನ ಆಟೊಮ್ಯಾಟಿಕ್ ಇಟ್ಟುಕೊಂಡಿದ್ದಾನೆ. ಟೆಕ್ಸಾಸ್ 2013ರಲ್ಲೇ ಸ್ವಿಚ್‌ಬ್ಲೇಡ್ ನಿಷೇಧ ತೆಗೆದುಹಾಕಿತು, ಅವನಿಗೆ ಅಲ್ಲಿ ತೊಂದರೆ ಇಲ್ಲ. ಅದೇ ಚಾಕುವನ್ನು ಕಾರಿನಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರೆ ತೊಂದರೆ. ಮಾರುವವರು ನಿಮ್ಮ ವಿಳಾಸಕ್ಕೆ ಕಳಿಸಿದರು ಅಂದ ಮಾತ್ರಕ್ಕೆ ಅದು ನಿಮ್ಮ ಊರಿನಲ್ಲಿ ನಡೆಯುತ್ತೆ ಅಂತ ನಂಬಬೇಡಿ. ರಾಜ್ಯದಿಂದ ರಾಜ್ಯಕ್ಕೆ ಸ್ವಿಚ್‌ಬ್ಲೇಡ್ ಮಾರಾಟ ತಡೆಯಲು 1958ರ ಕೇಂದ್ರ ಕಾನೂನು ಬೇರೆ ಇದೆ.

ಊರಿಗೆ ಹೋಗುವಾಗ ತಮ್ಮನಿಗೋ ಭಾವನಿಗೋ ಉಡುಗೊರೆ ಅಂತ ಒಯ್ಯುವವರಿಗೂ ಒಂದು ಮಾತು. ಭಾರತದಲ್ಲಿ 9 ಇಂಚಿನವರೆಗೆ ಚಿಂತೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ದೆಹಲಿಗೆ 1980ರಿಂದ ಬೇರೆಯೇ ಆದೇಶ ಇದೆ. ಅಲ್ಲಿ ಬಟನ್ ಚಾಕುವಿಗೆ ಲೆಕ್ಕ 9 ಇಂಚಲ್ಲ, 7.62 ಸೆಂಟಿಮೀಟರ್ ಉದ್ದ. ಬಟನ್ ಚಾಕು ಇಟ್ಟುಕೊಂಡವರ ಮೇಲೆ ಅಲ್ಲಿ ಆಯುಧ ಕಾಯ್ದೆಯ ಕೇಸುಗಳು ಬೀಳುತ್ತಲೇ ಇರುತ್ತವೆ. ಸುಮ್ನೆ ಯಾಕೆ? ಭಾವನಿಗೆ ಒಳ್ಳೆ ಟಾರ್ಚ್ ಒಯ್ಯಿರಿ.

ಇಷ್ಟೆಲ್ಲಾ ಆದ ಮೇಲೂ ಆಟೊಮ್ಯಾಟಿಕ್ಕೇ ಬೇಕು ಅನ್ನುವವರು ಇರುತ್ತಾರೆ. ಕೈಗೆ ಶಕ್ತಿ ಕಡಿಮೆ ಇರುವವರಿಗೆ, ಒಂದೇ ಕೈ ಬಳಸುವವರಿಗೆ ಅದು ನಿಜಕ್ಕೂ ಅನುಕೂಲ. ಅಂಥವರು ಎಷ್ಟು ಬೇಗ ತೆರೆದುಕೊಳ್ಳುತ್ತೆ ಅಂತ ನೋಡಬೇಡಿ, ಎಲ್ಲಾ ಚಾಕುಗಳೂ ಬೇಗನೇ ತೆರೆದುಕೊಳ್ಳುತ್ತವೆ. ಮುಚ್ಚಿರಬೇಕಾದಾಗ ಮುಚ್ಚಿಕೊಂಡೇ ಇರುತ್ತಾ ಅಂತ ನೋಡಿ. ಬಟನ್ ಮೇಲೆ ಬೆರಳು ಸವರಿ. ಹಿಡಿಯ ಮಟ್ಟಕ್ಕಿಂತ ಒಳಗೆ ಕೂತಿರಬೇಕು, ಬೆರಳಿನ ತುದಿಯಿಂದ ಬೇಕಂತಲೇ ಒತ್ತಿದರೆ ಮಾತ್ರ ಇಳಿಯಬೇಕು. ಬೇರೆಯಾಗಿ ಜಾರಿಸುವ ಸೇಫ್ಟಿ ಇದ್ದರೆ ಒಳ್ಳೆಯದು, ಆದರೆ ಅದು ಸಡಿಲವಾಗಿ ತಾನೇ ಜಾರುವಂತಿದ್ದರೆ ಇದ್ದೂ ಪ್ರಯೋಜನ ಇಲ್ಲ. ಮನೆಗೆ ತಂದ ದಿನವೇ ಚಾಕುವನ್ನು ಮುಚ್ಚಿ, ಎರಡು ಕೀ ಗೊಂಚಲಿನ ಜೊತೆ ದಪ್ಪ ರಟ್ಟಿನ ಡಬ್ಬಕ್ಕೆ ಹಾಕಿ ಟೇಪ್ ಅಂಟಿಸಿ, ಚೆನ್ನಾಗಿ ಅಲ್ಲಾಡಿಸಿ. ಒಳಗೆ ಒಂದೇ ಒಂದು ಸಲ ತೆರೆದುಕೊಂಡರೂ ವಾಪಸ್ ಕಳಿಸಿ. ಇದು ನಾನೇ ಕಂಡುಕೊಂಡ ಪರೀಕ್ಷೆ, ಮುಂಚೆಯೇ ಮಾಡಿದ್ದರೆ ನನ್ನದು ಖಂಡಿತ ಫೇಲ್ ಆಗುತ್ತಿತ್ತು.

ಜೇಬಿನಲ್ಲಿ ಕೀ ಜೊತೆ ಮಾತ್ರ ಯಾವತ್ತೂ ಹಾಕಬೇಡಿ. ಕ್ಲಿಪ್ ಇದ್ದರೆ ಮೊನೆ ಮೇಲಕ್ಕೆ ಬರುವ ಹಾಗೆ, ಅಲಗು ಹೊರಬರುವ ಕಡೆ ಜೇಬಿನ ಹಿಂದಿನ ಹೊಲಿಗೆಗೆ ಒತ್ತಿಕೊಳ್ಳುವ ಹಾಗೆ ಸಿಕ್ಕಿಸಿ. ಆಗ ಅಕಸ್ಮಾತ್ ಬಟನ್ ಒತ್ತಿದರೂ ಹೊಲಿಗೆ ತಡೆಯುತ್ತೆ. ವಾರಕ್ಕೊಮ್ಮೆ ಬಟನ್ ಸುತ್ತ ಇರುವ ಧೂಳು ಊದಿ ತೆಗೆಯಿರಿ.

ಸ್ಪ್ರಿಂಗ್ ಇದ್ದರೂ ಎಲ್ಲಾ ಚಾಕುಗಳೂ ಒಂದೇ ಅಲ್ಲ ಅನ್ನೋದೂ ನನಗೆ ತಡವಾಗಿ ಗೊತ್ತಾಯಿತು. ಅಸಿಸ್ಟೆಡ್ ಅನ್ನುವ ಚಾಕುಗಳಲ್ಲಿ ಮುಚ್ಚಿದಾಗ ಒಳಗಿನ ಎಳೆತ ಮುಚ್ಚಿರುವ ಕಡೆಗೇ ಇರುತ್ತೆ. ಹೆಬ್ಬೆರಳಿನಿಂದ ಅಲಗನ್ನು ಸ್ವಲ್ಪ ದೂರ ದೂಡಿದ ಮೇಲೆ ಮಾತ್ರ ಸ್ಪ್ರಿಂಗ್ ಉಳಿದ ಕೆಲಸ ಮಾಡುತ್ತೆ. 2009ರಲ್ಲಿ ಅಮೆರಿಕದ ಕೇಂದ್ರ ಕಾನೂನು ಇವನ್ನು ಸ್ವಿಚ್‌ಬ್ಲೇಡ್ ಪಟ್ಟಿಯಿಂದ ಹೊರಗಿಟ್ಟಿತು. ಒಂದು ಕೈಯಲ್ಲಿ ತೆರೆಯುವುದಷ್ಟೇ ಬೇಕು ಅಂದರೆ ನನ್ನ ಸಲಹೆ ಇದೇ. ಅವಸರ ಇಲ್ಲದವರಿಗೆ ಫ್ರಾನ್ಸಿನ ಒಪಿನೆಲ್ ಅನ್ನೋ ಮಡಚುವ ಚಾಕು ಇದೆ. ಹಿಡಿಯ ಕತ್ತಿನ ಹತ್ತಿರ ಒಂದು ಉಕ್ಕಿನ ಬಳೆ, ತಿರುಗಿಸಿದರೆ ಲಾಕ್. 2000ನೇ ಇಸವಿಯಿಂದ ಮುಚ್ಚಿದಾಗಲೂ ಅದೇ ಬಳೆ ಲಾಕ್ ಮಾಡುತ್ತೆ. ಎರಡೂ ಕೈ ಬೇಕು, ನಿಜ. ಸ್ಕೂಲಿಗೆ ಮಾತ್ರ ಅದೂ ಬೇಡ, ಅದೂ ಲಾಕ್ ಆಗುವಂಥದ್ದೇ.

ನಮ್ಮ ಅಜ್ಜಿ ತರಕಾರಿ ಹೆಚ್ಚಿ ಮುಗಿಸಿದ ತಕ್ಷಣ ಈಳಿಗೆ ಮಣೆಯನ್ನು ಮಲಗಿಸಿ ಗೋಡೆ ಕಡೆ ತಿರುಗಿಸಿ ಇಡುತ್ತಿದ್ದರು. ಕೈಯಲ್ಲಿ ಇನ್ನೂ ಬದನೆಕಾಯಿ ಹೋಳು ಇದ್ದರೂ ಮೊದಲು ಮಣೆ ಮಲಗಬೇಕು. ಆ ಮನೆಯಲ್ಲಿ ಬೆಳೆದ ನಾನು ಅಲಗನ್ನು ಸವೆದ ಗೂಟವೊಂದರ ಭರವಸೆಯ ಮೇಲೆ ತೊಡೆಗೆ ಒತ್ತಿಕೊಂಡು ಓಡಾಡಿದೆನಲ್ಲಾ ಅಂತ ತುಂಬಾ ಬೇಜಾರಾಗುತ್ತೆ.

ಮಾರಾಟಗಾರನಿಗೆ ಫೋಟೋ ಸಮೇತ ಬರೆದೆ. ಉತ್ತರ ಬರಲಿಲ್ಲ. ಹತ್ತು ದಿನಕ್ಕೆ ಆ ಪುಟವೇ ಮಾಯ. ಅದೇ ಫೋಟೋ ಇಟ್ಟುಕೊಂಡು ಬೇರೆ ಹೆಸರಿನ ಅಂಗಡಿ ಈಗ 24 ಡಾಲರ್‌ಗೆ ಮಾರುತ್ತಿದೆ, 1.9 ಇಂಚು ಅಂತಲೇ ಬರೆದುಕೊಂಡು. ಅದಕ್ಕೇ ಇದನ್ನು ಬರೆಯಲು ಕೂತಿದ್ದು. ಬಟನ್ ಬೆಳ್ಳಿ ಬಣ್ಣ, ಹಿಡಿ ಕಪ್ಪು, ಸೇಫ್ಟಿ ಇಲ್ಲ, ಅಲಗಿನ ಮೇಲೆ ತಯಾರಕರ ಹೆಸರಿಲ್ಲ. ಕಂಡರೆ ಮುಟ್ಟಬೇಡಿ.

ಹೊಲಿಗೆ ಬಿಚ್ಚಿ ಮೂರು ತಿಂಗಳಾಯಿತು. ಬೆರಳು ಮಡಚುತ್ತೆ, ಟೈಪ್ ಮಾಡುತ್ತೆ. ತುದಿಯ ಒಂದು ಪಕ್ಕದಲ್ಲಿ ಸ್ಪರ್ಶ ಇನ್ನೂ ಬಂದಿಲ್ಲ. ಬೆಳಗ್ಗೆ ಮಗಳಿಗೆ ಜಡೆ ಹಾಕುವಾಗ ಮೂರು ಎಳೆಯಲ್ಲಿ ಒಂದು ಆ ಬೆರಳಿನಿಂದ ಜಾರಿಹೋಗುತ್ತೆ, ಕಣ್ಣಲ್ಲಿ ನೋಡಿಯೇ ಹಿಡಿಯಬೇಕು. ಅವಳು ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಾ ಅಲ್ಲಾಡದೆ ನಿಂತಿರುತ್ತಾಳೆ.