ಸೊಂಟದಲ್ಲಿ ಪಿಸ್ತೂಲೋ, ಮನೆಯ ಲಾಕರ್‌ನಲ್ಲೋ?

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ದಾಟಿದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಾಡಬಹುದು. ಅಲ್ಲಿರುವ ನಮ್ಮವರೂ ಯೋಚಿಸುತ್ತಾರೆ, ಒಯ್ಯೋಣವೇ ಬೇಡವೇ ಅಂತ. ಎಚ್-1ಬಿ ವೀಸಾದಲ್ಲಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಫೆಡರಲ್ ಕಾನೂನು ಬಂದೂಕು ಮುಟ್ಟಲೂ ಬಿಡುವುದಿಲ್ಲ.

ಒಯ್ಯುವವರ ಕಡೆಗೆ ಗಟ್ಟಿ ಉದಾಹರಣೆ ಇದೆ. 2022ರ ಜುಲೈನಲ್ಲಿ ಇಂಡಿಯಾನಾದ ಗ್ರೀನ್‌ವುಡ್ ಮಾಲ್‌ನಲ್ಲಿ ಒಬ್ಬ ಗುಂಡು ಹಾರಿಸತೊಡಗಿದ. ಮೂವರು ಸತ್ತರು. ಸುಮಾರು 15 ಸೆಕೆಂಡಿನಲ್ಲಿ 22ರ ಹುಡುಗನೊಬ್ಬ ದೂರದಿಂದಲೇ ಅವನನ್ನು ಹೊಡೆದುರುಳಿಸಿದ. ಪೊಲೀಸರು ಅಷ್ಟು ಬೇಗ ಬರುತ್ತಿದ್ದರೇ?

ಆದರೆ ಅದರ ಹಿಂದಿನ ವರ್ಷ ಕೊಲರಾಡೋದ ಅರ್ವಾಡಾದಲ್ಲಿ ಏನಾಯ್ತು ನೋಡಿ. ಪೊಲೀಸ್ ಅಧಿಕಾರಿಯನ್ನು ಕೊಂದವನನ್ನು ಒಬ್ಬ ನಾಗರಿಕ ಗುಂಡಿಟ್ಟು ತಡೆದ. ಆಮೇಲೆ ಆ ಹಂತಕನ ರೈಫಲ್ ಕೈಗೆತ್ತಿಕೊಂಡ. ಓಡಿ ಬಂದ ಪೊಲೀಸ್‌ಗೆ ಕಂಡದ್ದು ರೈಫಲ್ ಹಿಡಿದ ಒಬ್ಬ ಮನುಷ್ಯ, ಅಷ್ಟೇ. ಗುಂಡು ಹಾರಿಸಿದ. ಕಾಪಾಡಿದವನೇ ಸತ್ತ.

ಲೆಕ್ಕ ಬೇಕಾದರೆ ಎಫ್‌ಬಿಐನದು ಇದೆ. 2000ದಿಂದ 2013ರವರೆಗೆ ಇಂಥ 160 ದಾಳಿಗಳಲ್ಲಿ ಪೊಲೀಸರಲ್ಲದ ಶಸ್ತ್ರಧಾರಿಗಳು ಗುಂಡಿನ ಕಾಳಗ ನಡೆಸಿ ಮುಗಿದದ್ದು 5. ಬರಿಗೈಯಲ್ಲಿ ಜನರೇ ಹಿಡಿದು ಹಾಕಿದ್ದು 21!

ದಿನನಿತ್ಯದ ಪಾಡು ಬೇರೆ. ಟೆಕ್ಸಾಸ್‌ನಲ್ಲಿ 51 ಶೇಕಡಾ ಅಂತ ಕೆಂಪಕ್ಷರದ ಬೋರ್ಡ್ ಇರುವ, ಅಂದರೆ ಅರ್ಧಕ್ಕಿಂತ ಹೆಚ್ಚು ಆದಾಯ ಮದ್ಯದಿಂದಲೇ ಬರುವ ಬಾರ್‌ಗೆ ಪಿಸ್ತೂಲು ಒಯ್ಯುವಂತಿಲ್ಲ. ಆಗ ಅದು ಕಾರಿನಲ್ಲೇ ಉಳಿಯುತ್ತದೆ, ಗಾಜು ಒಡೆಯುವವನಿಗೆ ಸುಲಭದ ತುತ್ತು. ವಾರವಾರ ಶೂಟಿಂಗ್ ರೇಂಜ್‌ಗೆ ಹೋಗಿ ಕೈ ಪಳಗಿಸುವ ತಾಳ್ಮೆ ಇದ್ದರೆ ಒಯ್ಯಿರಿ. ಸುಮ್ನೆ ಧೈರ್ಯಕ್ಕೆ ಅಂತಾದರೆ ನಾನಂತೂ ಲಾಕರ್‌ನಲ್ಲೇ ಬಿಡುತ್ತೇನೆ.